ಅಲ್ಲಾಡಿಸಿ ನೋಡುವ ಟೀಚರ್

ಸೂರ್ಯ ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತು. ರಟ್ಟಿನ ಟೀಚರ್ ಆಗಲೇ ಶಾಲೆಯ ಗೇಟು ಬಡಿದು ಕಾವಲುಗಾರನ ನಿದ್ದೆ ಕೆಡಿಸುತ್ತಿದ್ದಾರೆ. ತಲೆಯ ಮೇಲೊಂದು, ಕಂಕುಳಲ್ಲೊಂದು ಖಾಲಿ ರಟ್ಟಿನ ಪೆಟ್ಟಿಗೆ. ಇವರ ಕಣ್ಣು ತಪ್ಪಿಸಿ ಪೆಟ್ಟಿಗೆ ಎಸೆದ ಅಂಗಡಿಯವನು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಯಾರಾದರೂ ಫ್ರಿಜ್ ಕೊಂಡರೆ, ಫ್ರಿಜ್ಜಿಗಿಂತ ಮೊದಲು ಇವರೇ ಅವರ ಮನೆ ಬಾಗಿಲಲ್ಲಿ ಹಾಜರ್. ಇವರ ಗಂಡನ ಬೂಟುಗಳು ಪೆಟ್ಟಿಗೆ ಕಳೆದುಕೊಂಡು ಅನಾಥವಾಗಿ ಎಷ್ಟೋ ಕಾಲವಾಯಿತು. ನಿದ್ದೆಯಲ್ಲಿದ್ದಾಗ ತನ್ನನ್ನೂ ಎಲ್ಲಿ ಕತ್ತರಿಸಿ ಅಂಟಿಸಿಬಿಡುತ್ತಾಳೋ ಎಂದು ಆ ಪುಣ್ಯಾತ್ಮ ಸಿಕ್ಕವರ ಹತ್ತಿರವೆಲ್ಲ ಗೋಳು ತೋಡಿಕೊಳ್ಳುತ್ತಾರೆ.

ಇವತ್ತು ಮಾತ್ರ ಟೀಚರ್ ಮುಖದಲ್ಲಿ ನಗುವಿಲ್ಲ. ಮೆಟ್ಟಿಲ ಕೆಳಗಿನ ಅವರ ಕೋಣೆಗೆ ಮುರಿದ ಬೆಂಚುಗಳನ್ನು ತುಂಬಬೇಕೆಂದು ಹೆಡ್‌ಮಾಸ್ಟರ್ ಹೇಳುತ್ತಲೇ ಇದ್ದಾರೆ. ಇವತ್ತು ಬೆಳಿಗ್ಗೆ ಖುದ್ದಾಗಿ ಬಂದು ತರಗತಿ ನೋಡಿ ತೀರ್ಮಾನ ಹೇಳುತ್ತಾರಂತೆ. ಕೋಣೆ ಹೋದರೆ ತರಗತಿಯೂ ಹೋದಂತೆಯೇ.

ಆ ತರಗತಿ ಹುಟ್ಟಿದ್ದು ವರಾಂಡದಲ್ಲಿ. ಟೀಚರ್ ಈ ಶಾಲೆಗೆ ಸೇರಿದ್ದು ಹೊಲಿಗೆ ಕಲಿಸಲು. ಹೋಗುತ್ತ ಬರುತ್ತ ನೋಡಿದರೆ ದಿನವೂ ಅವೇ ಪುಟಾಣಿಗಳು ಹೊರಗೆ ಶಿಕ್ಷೆಗೆ ನಿಂತಿರುತ್ತಿದ್ದವು. ವಿಚಾರಿಸಿದರೆ ಎಲ್ಲವೂ ಊರಿಗೇ ಬುದ್ಧಿ ಹಂಚಿ ಮಿಗಿಸಿಕೊಳ್ಳುವಂಥ ಮಕ್ಕಳು. ಮೇಷ್ಟ್ರು ಲೆಕ್ಕ ಬರೆದು ಹಲಗೆಯಿಂದ ಈಚೆ ತಿರುಗುವಷ್ಟರಲ್ಲಿ ಉತ್ತರ ಮುಗಿಸಿ, ಮುಂದಿನ ಬೆಂಚಿನ ಜಡೆಗಳಿಗೆ ಗಂಟು ಹಾಕುತ್ತಿದ್ದ ಪೋರರು.

"ಇವು ಗೋಡೆಗೆ ಮುಖ ಮಾಡಿ ನಿಂತಿದ್ವಲ್ಲ, ಈ ಗೋಡೆ ಯಾಕೆ ಬೀಳಲ್ಲ ಹೇಳ್ರೋ ಅಂತ ಕೇಳಿದೆ," ಎನ್ನುತ್ತಾರೆ ಟೀಚರ್. "ಮೊದಲನೇ ಸಲ ಎಲ್ಲ ಸುಮ್ಮನಾದವು."

ಅಂದಿನಿಂದ ಮೆಟ್ಟಿಲ ಕೆಳಗೆ ರಟ್ಟು, ಕಡ್ಡಿಗಳಲ್ಲಿ ಕಟ್ಟುವ ಸೇತುವೆ, ಕ್ರೇನು, ಗೋಪುರಗಳ ಕಾರ್ಖಾನೆ. ಉಳಿದ ಶಿಕ್ಷಕರ ಬಾಯಲ್ಲಿ ಅದು 'ಕಸದ ಕ್ಲಾಸು'. ಅಲ್ಲಿನ ಕಾನೂನು ಮಾತ್ರ ಕಲ್ಲಿನಷ್ಟು ಗಟ್ಟಿ. ಕಟ್ಟಿದ್ದನ್ನೆಲ್ಲ ಅಲ್ಲಾಡಿಸಿ ನೋಡಲೇಬೇಕು. ಮಕ್ಕಳ ಕೆಲಸಕ್ಕೆ ಟೀಚರ್ ಬೆರಳೂ ತಾಗಿಸುವಂತಿಲ್ಲ. ಅದಕ್ಕೇ ಅವರು ತರಗತಿಯುದ್ದಕ್ಕೂ ಕೈ ಹಿಂದೆ ಕಟ್ಟಿಕೊಂಡು, ಸಿಕ್ಕಿಬಿದ್ದ ಕಳ್ಳರ ಹಾಗೆ ಓಡಾಡುತ್ತಾರೆ.

ಹೆಡ್‌ಮಾಸ್ಟರ್ ಬಂದೇಬಿಡುತ್ತಾರೆ. ಮೇಜಿನ ಮೇಲೆ ಐಸ್‌ಕ್ರೀಮ್ ಕಡ್ಡಿಗಳ ಗೋಪುರ. ಕಟ್ಟಿದವಳು ನಾಲ್ಕನೇ ತರಗತಿಯ ಹುಡುಗಿ, ಅಡ್ಡಹೆಸರು ಕ್ಯಾಲ್ಕುಲೇಟರ್. ಹುಟ್ಟಿದಾಗ ಅತ್ತದ್ದು ಬಿಟ್ಟರೆ ಆಮೇಲೆ ಒಂದು ತಪ್ಪೂ ಮಾಡಿದವಳಲ್ಲ. ಅವಳು ಒಂದೊಂದೇ ಪುಸ್ತಕ ಹೇರುತ್ತಾಳೆ. ಗೋಪುರ ಮಿಸುಕುವುದಿಲ್ಲ. ಹೆಡ್‌ಮಾಸ್ಟರ್ ಹುಬ್ಬು ಮೇಲೇರುತ್ತದೆ.

ಟೀಚರ್ ಕಣ್ಣಿಗೆ ಮಾತ್ರ ಆಗಲೇ ಬಿದ್ದಿದೆ: ನೆಟ್ಟಗಿನ ಕಡ್ಡಿಗಳಿವೆ, ಅಡ್ಡ ಕಡ್ಡಿಗಳಿವೆ, ಮೂಲೆಯಿಂದ ಮೂಲೆಗೆ ಓರೆಯಾಗಿ ಬಿಗಿಯುವ ಕಡ್ಡಿ ಒಂದೂ ಇಲ್ಲ. ಭಾರ ಎಷ್ಟಾದರೂ ಹೊತ್ತೀತು. ಮೇಜು ಅಲುಗಿದರೆ ಮುಗಿಯಿತು. ಒಂದು ಪಿಸುಮಾತು ಸಾಕು, ಗೋಪುರವೂ ಉಳಿಯುತ್ತದೆ, ಕೋಣೆಯೂ ಉಳಿಯುತ್ತದೆ.

ಹುಡುಗಿ ತಿರುಗಿ ನೋಡುತ್ತಾಳೆ. "ಟೀಚರ್, ನಿಲ್ಲತ್ತಾ?"

ಬೆನ್ನ ಹಿಂದೆ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ನೆರಿಗೆ ಬೀಳುವಷ್ಟು ಹಿಚುಕುತ್ತದೆ. "ನನ್ನನ್ನ ಯಾಕೆ ಕೇಳ್ತೀಯ ಪುಟ್ಟಿ? ಅದನ್ನೇ ಕೇಳು."

ಅವಳು ಮೇಜು ಅಲ್ಲಾಡಿಸುತ್ತಾಳೆ. ಗೋಪುರ ಒಂದು ಪಕ್ಕಕ್ಕೆ ವಾಲಿ, ಇನ್ನೊಂದು ಪಕ್ಕಕ್ಕೆ ವಾಲಿ, ಊರಿಗೆಲ್ಲ ಕೇಳುವ ಸದ್ದಿನೊಂದಿಗೆ ನೆಲ ಕಚ್ಚುತ್ತದೆ. ಹುಡುಗಿಯ ಕಣ್ಣಿಂದ ನೀರು ಇಳಿಯುತ್ತದೆ.

"ಇಷ್ಟು ಬುದ್ಧಿವಂತ ಮಗುವನ್ನ ಅಳಿಸೋಕೆ ಒಂದು ಕೋಣೆ ಬೇರೆ ಬೇಕಾ ಟೀಚರ್?" ಎನ್ನುತ್ತಾರೆ ಹೆಡ್‌ಮಾಸ್ಟರ್. ದನಿ ಏರಿಸಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ. ಬೆಂಚು ತರಿಸಲು ಅವರು ಬಾಗಿಲ ಕಡೆ ತಿರುಗುತ್ತಾರೆ.

ಅಷ್ಟರಲ್ಲಿ ಮೇಜಿನ ಕೆಳಗಿನಿಂದ ಸಣ್ಣ ದನಿ ಬರುತ್ತದೆ. "ಸರ್, ಕಾಲು ಸ್ವಲ್ಪ ಎತ್ತಿ. ಮೊದಲು ಕಳಚಿಕೊಂಡ ಚೌಕ ನಿಮ್ಮ ಬೂಟಿನ ಕೆಳಗಿದೆ."

ಹೆಡ್‌ಮಾಸ್ಟರ್ ಗಾಬರಿಯಿಂದ ಕೊಕ್ಕರೆಯಂತೆ ಒಂಟಿ ಕಾಲಲ್ಲಿ ನಿಲ್ಲುತ್ತಾರೆ. ಹುಡುಗಿ ಅಂಗಾತ ಬಿದ್ದ ಚೌಕವನ್ನು ಕೈಗೆತ್ತಿಕೊಂಡು ಒತ್ತುತ್ತಾಳೆ. ಅದು ಓರೆಯಾಗಿ ಮಡಚಿಕೊಳ್ಳುತ್ತದೆ. ಇನ್ನೊಂದು ಸಲ ಒತ್ತುತ್ತಾಳೆ. ಆಮೇಲೆ ನೆಲದಿಂದ ಒಂದು ಕಡ್ಡಿ ಆರಿಸಿ ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದು ಒತ್ತುತ್ತಾಳೆ. ಚೌಕ ಜಪ್ಪಯ್ಯ ಎನ್ನುವುದಿಲ್ಲ. ಕೆನ್ನೆಯ ಮೇಲಿನ ನೀರು ಒರೆಸಿಕೊಳ್ಳುವುದಕ್ಕೂ ಅವಳಿಗೆ ಪುರುಸೊತ್ತಿಲ್ಲ.

"ಸರ್, ಮತ್ತೆ ಯಾವಾಗ ಬರ್ತೀರಾ? ಮುಂದಿನ ಸಲ ನೀವೇ ಅಲ್ಲಾಡಿಸಿ."

ಹೆಡ್‌ಮಾಸ್ಟರ್ ಎತ್ತಿದ ಕಾಲನ್ನು ಎಲ್ಲಿ ಇಳಿಸುವುದೆಂದು ಸ್ವಲ್ಪ ಹೊತ್ತು ಹುಡುಕುತ್ತಾರೆ. "ನಾಳೆ ಬರ್ತೀನಿ," ಎಂದವರು, ಟೀಚರ್ ಕಡೆ ನೋಡದೆ, ಬೆಂಚುಗಳನ್ನು ಸದ್ಯಕ್ಕೆ ಸೈಕಲ್ ಶೆಡ್ಡಿಗೆ ಹಾಕಿಸುವುದಾಗಿ ಗೊಣಗಿಕೊಂಡು ಹೋಗುತ್ತಾರೆ.

ಮಕ್ಕಳೆಲ್ಲ ಆಗಲೇ ನೆಲದ ಮೇಲೆ. ಗೋಂದು ಎಲ್ಲಿ, ಕತ್ತರಿ ಎಲ್ಲಿ ಎಂಬ ಗಲಾಟೆಗೆ ಮೆಟ್ಟಿಲೇ ಮೇಲೇಳುವಂತಿದೆ. ಟೀಚರ್ ಬಾಗಿಲಿಗೆ ಒರಗಿ ನಿಧಾನವಾಗಿ ಉಸಿರು ಬಿಡುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ಹುಡುಗಿಯ ಬೆನ್ನಿನ ಕಡೆ ಗದ್ದದಿಂದಲೇ ತೋರಿಸುತ್ತಾರೆ.

"ಗೋಪುರ ಬಿದ್ದಾಗಿಂದ ಅವಳು ನನ್ನ ಕಡೆ ಒಂದು ಸಲಾನೂ ತಿರುಗಿ ನೋಡಿಲ್ಲ. ಎಲ್ಲ ಮಕ್ಕಳೂ ಹೀಗೇ ನನ್ನನ್ನ ಮರೆತುಬಿಡಲಿ, ಅಷ್ಟೇ."