ಕಬ್ಬಲ್ಲದ ತುಂಡು

ಮದುವೆಯಾದ ಹೊಸದರಲ್ಲಿ, ಹನೂರಿನ ಬಾಡಿಗೆ ಮನೆಯಲ್ಲಿ, ನಾನು ಕುಂಡದ ಗಿಡಗಳ ದಂಟು ಕತ್ತರಿಸಿ ನೆಟ್ಟು ಹೊಸ ಗಿಡ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಬಿಳಿ ಮಚ್ಚೆ ಎಲೆಯ ಗಿಡವೊಂದರ ಗೆಣ್ಣುಗೆಣ್ಣಾದ ದಂಟನ್ನು ತುಂಡರಿಸಿ, ಒಣಗಲೆಂದು ಮೊರದಲ್ಲಿಟ್ಟು ನೀರಿಗೆ ಹೋದೆ. ಬರುವಷ್ಟರಲ್ಲಿ, ಊರಿನಿಂದ ಬಂದಿದ್ದ ಅತ್ತೆ ಕಬ್ಬೆಂದುಕೊಂಡು ಒಂದನ್ನು ಕಚ್ಚಿಬಿಟ್ಟಿದ್ದರು. ನಾಲಿಗೆ ಊದಿತ್ತು, ಜೊಲ್ಲು ಸುರಿಯುತ್ತಿತ್ತು, ಮಾತೇ ಹೊರಡಲಿಲ್ಲ.

ಪಕ್ಕದ ಮನೆಯಾಕೆ ಓಡಿಬಂದು, "ಏನವ್ವಾ ಕೊಟ್ಟೆ ನಿಮ್ಮತ್ತೆಗೆ?" ಎಂದರು.

ಅತ್ತೆ ಸತ್ತರೆ ಸೊಸೆಯೇ ವಿಷವಿಟ್ಟಳು ಎನ್ನುತ್ತಾರೆ. ಕಾಮಗೆರೆಯ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ, ಕಚ್ಚಿದ ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು, ಅವರ ಉಸಿರನ್ನೇ ಆಲಿಸುತ್ತಾ ಕೂತಿದ್ದೆ. ಒಂದು ಉಸಿರು ತಡವಾದರೂ ಅವರ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದೆ.

ಡಾಕ್ಟರು ತುಂಡನ್ನು ನೋಡಿ ಇಂಜೆಕ್ಷನ್ ಕೊಟ್ಟು, ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಮಾರನೆಯ ದಿನ ಊತ ಇಳಿಯಿತು. ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ಗಂಡ ಸುದ್ದಿ ತಿಳಿದು ಬಂದು, ನನ್ನತ್ತ ತಿರುಗಿ, "ಏನ್ ಮಾಡ್ದೆ ನೀನು?" ಎಂದರು. ಅತ್ತೆಯೇ ತೊದಲುತ್ತಾ ಹೇಳಿದರು: "ಅವ್ಳನ್ನ ಯಾಕ್ಲಾ ಕೇಳೀಯೆ? ಆಸೆಪಟ್ಟು ಕಚ್ದೋಳು ನಾನು ಕಣ್ಲಾ."

ಅಲ್ಲಿಯವರೆಗೆ ಬಾರದ ಅಳು ಆಗ ಬಂತು.