ಇಂಟರ್ವಲ್ಲಿನಲ್ಲಿ ಅಲ್ಮಾಟಿ ಕ್ಲಬ್ಬು

ಅರಸೀಕೆರೆಯ ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ನಾನು ಹನ್ನೆರಡನೇ ನಂಬರಿನ ಆಟಗಾರ. ಹದಿಮೂರನೆಯವನನ್ನು ಸೇರಿಸಿಕೊಳ್ಳಲು ನಿಯಮ ಬಿಡುತ್ತಿರಲಿಲ್ಲವಾದ್ದರಿಂದ ಅದೇ ಕೊನೆ. ಆಟ ಬರುತ್ತಿತ್ತೇ ಎಂದು ಕೇಳಬೇಡಿ. ಚೆಂಡು ನನ್ನ ಕೈಗೆ ಬಂದರೆ ಎದುರಾಳಿಗಳ ಮುಖ ಅರಳುತ್ತಿತ್ತು, ಅಷ್ಟು ಹೇಳಬಲ್ಲೆ.

ಆದರೆ ಮೈಕು ನನ್ನದು. ಬೇಸಿಗೆ ಟೂರ್ನಮೆಂಟಿನಲ್ಲಿ ಸ್ಕೋರ್ ಬರೆಯುವವರ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕಾಮೆಂಟರಿ ಹೇಳುತ್ತಿದ್ದೆ. ಇಂಟರ್ವಲ್ ಬಂತೆಂದರೆ ನನ್ನ ರಾಜ್ಯಭಾರ. ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟು, ಸೀಟಿ ಊದಿ ಊದಿ ಕೆನ್ನೆ ಜೋತುಬಿದ್ದ ರೆಫರಿ, ಮಾತಿಗೆ ಮುಂಚೆ ಅರ್ಧ ಗಂಟೆ ಗಂಟಲು ಸರಿಮಾಡಿಕೊಳ್ಳುವ ನಮ್ಮ ಅಧ್ಯಕ್ಷರು, ಕೊನೆಗೆ ಬಾಸ್ಕೆಟ್ಟಿಗೆಂದು ಹಾರಿ ತನ್ನ ಕಾಲಿಗೆ ತಾನೇ ತೊಡರಿಕೊಳ್ಳುವ ನಾನು, ಎಲ್ಲರನ್ನೂ ಅಣಕಿಸುತ್ತಿದ್ದೆ. ಜನ ಆಟಕ್ಕಿಂತ ಹೆಚ್ಚಾಗಿ ಇಂಟರ್ವಲ್ಲಿಗೆ ಕಾಯುತ್ತಾರೆಂದು ನಾನು ನಂಬಿದ್ದೆ. ಬೇರೆಯವರು ಯಾರೂ ಹಾಗೆ ಹೇಳಿರಲಿಲ್ಲ.

ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂರುತ್ತಿದ್ದ ಹನ್ನೊಂದನೆಯವನು ಹಳೇಬೀಡಿನವನು. ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ನಮ್ಮಲ್ಲಿ ಕೂತುಕೊಂಡು ಹೋಗುತ್ತಿದ್ದ. ನಮ್ಮ ಕ್ಲಬ್ಬಿನ ಪದ್ಧತಿಯೇ ಹಾಗಿತ್ತು. ಟೂರ್ನಮೆಂಟು ಬಂತೆಂದರೆ ಬೆಂಗಳೂರಿನಿಂದ ಒಂದಿಷ್ಟು ಗೆಸ್ಟ್ ಪ್ಲೇಯರುಗಳನ್ನು ಕರೆಸುವುದು. ಅವರು ಆಡುತ್ತಿದ್ದರು, ನಾವು ಅವರ ಬ್ಯಾಗು ಕಾಯುತ್ತಿದ್ದೆವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹಳೇಬೀಡಿನವನು ಡಾಕ್ಟರಿ ಓದಲು ಕಜಕಸ್ತಾನದ ಅಲ್ಮಾಟಿಗೆ ಹೋದ. ಅವನು ವಿಮಾನ ಹತ್ತಿದ್ದಕ್ಕೆ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಡಾಕ್ಟರಾಗುತ್ತಾನೆಂದೂ ಆಗಲಿಲ್ಲ, ಸೂಜಿ ಕಂಡರೆ ನನಗೆ ತಲೆ ಸುತ್ತುತ್ತದೆ. ಆದರೆ ಅಲ್ಲಿ ಸಂಬಳ ಕೊಟ್ಟು ಆಡಿಸುವ ಬ್ಯಾಸ್ಕೆಟ್‌ಬಾಲ್ ಕ್ಲಬ್ಬೊಂದಿದೆ, ಪ್ರತಿ ಮ್ಯಾಚಿಗೂ ಹೋಗುತ್ತೇನೆ ಎಂದು ಫೋನಿನಲ್ಲಿ ಹೇಳಿದನಲ್ಲ, ಅವತ್ತು ನನಗೆ ಊಟ ಸೇರಲಿಲ್ಲ. ಮರದ ನೆಲವಂತೆ, ಮೇಲೆ ಚಾವಣಿಯಂತೆ. ನಮ್ಮ ಕೋರ್ಟಿನ ಮೇಲೆ ಆಕಾಶವಿತ್ತು, ಕಾಗೆಗಳಿದ್ದವು.

ಮುಂದಿನ ಬೇಸಿಗೆ ರಜೆಗೆ ಅವನು ಆ ಕ್ಲಬ್ಬಿನ ನೀಲಿ ಜೆರ್ಸಿ ಹಾಕಿಕೊಂಡು ಬಂದಿಳಿದ. ಅವನ ಹೆಸರು ಆ ವರ್ಷದ ತಂಡದಲ್ಲಿರಲಿಲ್ಲ, ಸುಮ್ಮನೆ ನೋಡಲು ಬಂದಿದ್ದ. ಆದರೂ ಟೀ ಅಂಗಡಿಯಲ್ಲಿ ಎಲ್ಲರೂ ಅವನನ್ನೇ ಮುತ್ತಿಕೊಂಡರು. ನಮ್ಮನ್ನು ಕಣ್ಣೆತ್ತಿ ನೋಡದ ಗೆಸ್ಟ್ ಪ್ಲೇಯರುಗಳು ಕೂಡ ಆ ಜೆರ್ಸಿಯ ಬಟ್ಟೆ ಮುಟ್ಟಿ ನೋಡಿದರು. ನಾನೂ ಮುಟ್ಟಿದೆ. ಚೆನ್ನಾಗಿತ್ತು, ಅದೇ ಸಂಕಟ.

ಕೊಬ್ಬರಿ ಮಂಡಿಯ ಸಾಹುಕಾರರಾದ ನಮ್ಮ ಅಧ್ಯಕ್ಷರು ಫೈನಲ್ ದಿನ ಗಂಟಲು ಸರಿಮಾಡಿಕೊಂಡು ನನ್ನ ಹತ್ತಿರ ಬಂದರು.

"ನೋಡಪ್ಪಾ, ಇವತ್ತು ಇಂಟರ್ವಲ್‌ನಲ್ಲಿ ಮೈಕ್ ಅವನಿಗೆ ಕೊಟ್ಬುಡು. ಆ ಫಾರಿನ್ ಕ್ಲಬ್ ಕಥೆ ಹೇಳ್ಲಿ. ಜನಕ್ಕೂ ನಾಕು ವಿಷಯ ಗೊತ್ತಾಯ್ತದೆ."

"ನನ್ನ ಐಟಂ, ಅಣ್ಣಾ?"

"ನಿಂದು ವರ್ಷಾ ವರ್ಷಾ ಇದ್ದಿದ್ದೇ ಅಲ್ವೇನ್ಲಾ! ನನ್ ಗಂಟಲಿಗೂ ಒಂದಿನ ರಜಾ ಕೊಡು."

ವರ್ಷವಿಡೀ ಬೆಂಚು ಬಿಸಿಮಾಡಿದ್ದಕ್ಕೆ ನನಗೆ ಸಿಗುತ್ತಿದ್ದುದು ಆ ಇಂಟರ್ವಲ್ ಒಂದೇ. ಅದೂ ಹೋಯಿತು. ಆಗಲಿ, ಅವನು ಮಾತಾಡಿ ಮುಗಿಸಿದ ತಕ್ಷಣ ಮೈಕು ಕಿತ್ತುಕೊಂಡು ಅವನನ್ನೇ ಅಣಕಿಸಿ ನೀರಿಳಿಸುತ್ತೇನೆ ಎಂದುಕೊಂಡೆ. ಬಕೆಟ್ಟಿಗೆ ಇರುವಂತೆ ಪ್ರತಿ ಮನುಷ್ಯನ ಮಾತಿಗೂ ಒಂದು ಹಿಡಿ ಇರುತ್ತದೆ. ಅದು ಸಿಕ್ಕರೆ ಆಳನ್ನೇ ಎತ್ತಬಹುದು. ಹಿಡಿ ಹುಡುಕಲು ಕಿವಿ ಚೂಪು ಮಾಡಿಕೊಂಡು ಕೂತೆ.

ಅವನು ಮೈಕನ್ನು ತೀರಾ ದೂರ ಹಿಡಿದು ಶುರುಮಾಡಿದ.

"ನಾನು ಓದೋ ಊರಲ್ಲಿ ಒಂದು ಕ್ಲಬ್ ಐತೆ. ಮೊದ್ಲು ಅದು ಕಾರ್ಖಾನೆ ಕೆಲಸದವರ ಟೀಮು. ಶಿಫ್ಟ್ ಮುಗಿಸ್ಕೊಂಡು ಬಂದು ಆಡೋರು. ಆಮೇಲೆ ಸೋವಿಯತ್ ದೇಶ ಒಡೆದೋಯ್ತು. ಮಲಗಿದ್ದು ಒಂದು ದೇಶದಲ್ಲಿ, ಎದ್ದಿದ್ದು ಇನ್ನೊಂದರಲ್ಲಿ. ಒಳ್ಳೊಳ್ಳೆ ಆಟಗಾರರೆಲ್ಲ ರಷ್ಯಾ ಕಡೆ ಹೊರಟೋದ್ರು. ಆಟದ ಹಾಲ್‌ನ ಬೆಚ್ಚಗಿಡೋಕೂ ಗತಿ ಇಲ್ಲ. ಉಳಿದೋರು ಉಣ್ಣೆ ಟೋಪಿ ಹಾಕ್ಕೊಂಡೇ ಪ್ರಾಕ್ಟೀಸ್ ಮಾಡಿದ್ರು. ಯಾರು ಉಳಿದೋರು ಅಂದ್ರೆ, ಅಲ್ಲೀವರೆಗೂ ಬೆಂಚಲ್ಲಿ ಕೂತಿದ್ದೋರು."

ಕಡಲೆಕಾಯಿ ಮಾರುವವನು ಕೂಗುವುದನ್ನು ನಿಲ್ಲಿಸಿದ. ನಾನು ಮಾತಾಡುವಾಗ ಅವನು ಒಂದು ದಿನವೂ ನಿಲ್ಲಿಸಿದ್ದಿಲ್ಲ.

"ಈಗ ದೊಡ್ಡ ಕ್ಲಬ್ಬು. ಅಮೆರಿಕದಿಂದ, ಸರ್ಬಿಯಾದಿಂದ ಆಟಗಾರರು ಬತ್ತಾರೆ, ನಮ್ಮ ಗೆಸ್ಟ್‌ಗಳ ಥರ. ಆದ್ರೆ ಆ ಟೋಪಿ ಕಾಲದವನೊಬ್ಬ ಇನ್ನೂ ಬೆಂಚಲ್ಲಿ ಅವ್ನೆ. ಮ್ಯಾಚ್ ಗೆಲ್ಲೋದು ಖಾತ್ರಿ ಆಯ್ತು ಅಂದ್ರೆ ಜನ ಅವನ ಹೆಸರು ಹಿಡಿದು ಕೂಗ್ತಾರೆ. ಕೋಚು ಅವನನ್ನ ಇಳಿಸೋವರ್ಗೂ ಬಿಡಲ್ಲ. ಅವನು ಇಳಿದ್ರೆ ಬಾಸ್ಕೆಟ್ ಬೀಳದಿದ್ರೂ ಎದ್ದು ನಿಂತು ಚಪ್ಪಾಳೆ ಹೊಡೀತಾರೆ."

ಇಷ್ಟು ಹೇಳಿ ಮೈಕು ನನ್ನ ಕೈಗೆ ಕೊಟ್ಟ. ಹಿಡಿ ಸಿಕ್ಕಿರಲಿಲ್ಲ. ರಷ್ಯನ್ ರಾಗವಿಲ್ಲ, ಡಾಕ್ಟರ ಗತ್ತಿಲ್ಲ, ಹೋದಾಗ ಇದ್ದ ಮಾತೇ ಹಾಗೇ ವಾಪಸು ಬಂದಿತ್ತು. ನಾನು ಬಾಯಿ ತೆರೆದು, "ಸ್ಕೋರ್ ಎಷ್ಟಪ್ಪಾ ಅಂದ್ರೆ..." ಎಂದೆ. ಅದಕ್ಕೂ ಯಾರೂ ನಗಲಿಲ್ಲ, ನಗುವಂಥದ್ದೂ ಅಲ್ಲ ಅನ್ನಿ.

ಎರಡನೇ ಅರ್ಧದಲ್ಲಿ ಗೆಸ್ಟ್ ಪ್ಲೇಯರುಗಳು ಬಾಸ್ಕೆಟ್ಟಿನ ಮೇಲೆ ಬಾಸ್ಕೆಟ್ ಹಾಕಿ ಎದುರಿನ ತಂಡವನ್ನು ಹಣ್ಣುಮಾಡಿದರು. ಗೆಲುವು ಖಾತ್ರಿಯಾಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಹಳೇಬೀಡಿನವನ್ನ ಇಳಿಸ್ರಲಾ!" ಒಬ್ಬನದು ಹತ್ತಾಯಿತು, ಹತ್ತು ಇಡೀ ಮೈದಾನವಾಯಿತು. "ಹಳೇಬೀಡು! ಹಳೇಬೀಡು!" ಮೈಕು ಹಿಡಿದ ನಾನು ಇದಕ್ಕೂ ಕಾಮೆಂಟರಿ ಹೇಳಬೇಕು. "ಪ್ರೇಕ್ಷಕರಲ್ಲಿ ಉತ್ಸಾಹ ಕಂಡುಬರುತ್ತಿದೆ," ಎಂದೆ. ನನ್ನ ಹೊಟ್ಟೆಯಲ್ಲಿ ಕಂಡುಬರುತ್ತಿದ್ದುದು ಬೇರೆ.

ರೆಫರಿ ಕೈ ಅಲ್ಲಾಡಿಸಿಬಿಟ್ಟರು. "ಅವರ ಹೆಸರು ಟೀಮಲ್ಲಿಲ್ಲ, ಆಡೋ ಹಾಗಿಲ್ಲ."

"ಹಂಗಾರೆ ಮೈಕ್‌ನವನನ್ನಾದ್ರೂ ಇಳಿಸ್ರಪ್ಪೋ!" ಎಂದ ಹಿಂದಿನ ಸಾಲಿನವನು. ಅಷ್ಟೂ ಜನ ಬಿದ್ದು ಬಿದ್ದು ನಕ್ಕರು. ಅವನ ಹೆಸರಿಗೆ ಕೇಕೆ, ನನ್ನ ಹೆಸರಿಗೆ ನಗು. ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತು, "ಇಳಿಯೋ ಹೋಗೋ, ಪುಣ್ಯಾತ್ಮ!" ಎಂದರು.

ಆಟಗಾರ ಬದಲಾದರೆ ಅನೌನ್ಸ್ ಮಾಡಬೇಕಾದವನೂ ನಾನೇ. ಸ್ಟೇಷನ್ನಿನ ಧ್ವನಿಯಲ್ಲಿ, "ಪ್ರಯಾಣಿಕರು ದಯವಿಟ್ಟು ಗಮನಿಸಿ, ಹನ್ನೆರಡನೇ ನಂಬರಿನ ಗಾಡಿಯು ಬಹಳ ತಡವಾಗಿ ಬರುತ್ತಿದೆ," ಎಂದು ಹೇಳಿ, ಜೆರ್ಸಿಯ ಮೇಲೆ ಹಾಕಿಕೊಂಡಿದ್ದ ಅಂಗಿ ಪ್ಯಾಂಟು ಕಳಚಿ ಹಳೇಬೀಡಿನವನ ಮೇಲೆಸೆದು, ಮೈಕನ್ನೂ ಅವನಿಗೇ ಕೊಟ್ಟು ಓಡಿದೆ.

ಓಡಿದ್ದು ಕಾಲು, ಕಿವಿ ಮೇಜಿನ ಹತ್ತಿರವೇ ಉಳಿಯಿತು. ಅವನೆಲ್ಲಿ ತಪ್ಪುತ್ತಾನೆ, ಎಲ್ಲಿ ತೊದಲುತ್ತಾನೆ ಎಂದು ಕೇಳಿಸಿಕೊಳ್ಳುತ್ತಾ ನಿಂತಿದ್ದೆ.

"ಈಗ ಇಳಿದಿರೋನು ನಮ್ಮ ಅರಸೀಕೆರೆಯವ್ನು," ಎಂದಿತು ಮೈಕು. "ಗೆಸ್ಟ್‌ಗಳು ಬರ್ತಾರೆ, ಹೋಗ್ತಾರೆ. ಇವನು ಮಾತ್ರ ಒಂದು ಟೂರ್ನಮೆಂಟೂ ತಪ್ಪಿಸ್ಕೊಂಡಿಲ್ಲ."

ಎಷ್ಟು ಚೆನ್ನಾಗಿ ಹೇಳಿದ ಬಡ್ಡೀಮಗ ಎಂದು ನಾನು ಕರುಬುತ್ತಿರುವಾಗಲೇ ಗೆಸ್ಟ್ ಪ್ಲೇಯರೊಬ್ಬ ಎಸೆದ ಚೆಂಡು ನನ್ನ ಭುಜಕ್ಕೆ ಬಡಿದು ಎದುರಾಳಿಯ ಕೈಗೆ ಹೋಯಿತು. ಮೈದಾನ ನಗಲು ಬಾಯಿ ತೆರೆಯಿತು. ಅಷ್ಟರಲ್ಲಿ ಮೈಕು, "ಪರವಾಗಿಲ್ಲ, ಪಾಸು ಒಸಿ ಜೋರಾಗಿತ್ತು," ಎಂದಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದೇ ತಪ್ಪು ಬೇರೆಯವನು ಮಾಡಿದ್ದರೆ ನಾನು ಎರಡು ಬೇಸಿಗೆ ಅವನನ್ನು ಅಣಕಿಸುತ್ತಿದ್ದೆ. ಚಪ್ಪಾಳೆ ನನಗೋ ಅವನ ಮಾತಿಗೋ ಎಂದು ಲೆಕ್ಕ ಹಾಕುವಷ್ಟರಲ್ಲಿ ರೆಫರಿ ಸೀಟಿ ಊದಿದರು, ಆಟ ಮುಗಿಯಿತು.

ಓಡಿಬಂದು ಮೈಕಿಗೆ ಕೈ ಚಾಚಿದೆ. ಅವನು ತಕ್ಷಣ ಕೊಟ್ಟುಬಿಟ್ಟ.

"ತಗೋ ಮಾರಾಯ. ಇದು ನನ್ನ ಕೈಲಾಗೋ ಕೆಲಸ ಅಲ್ಲ. ನೀನು ಹೆಂಗೋ ದಿನಾ ಮಾತಾಡ್ತೀಯ?"

ಒಂದಿಷ್ಟು ಜಂಬ ಪಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಇವನಿಗೆ? ಹೊಟ್ಟೆಕಿಚ್ಚು ಪಡಲಿಕ್ಕೂ ಸರಿಯಾಗಿ ಅನುಕೂಲ ಮಾಡಿಕೊಡದ ಸ್ನೇಹಿತ.

ಆದರೂ ಮೈಕು ವಾಪಸು ಬಂದಿತ್ತು. ಗೆದ್ದ ತಂಡದ ಫೋಟೋ ತೆಗೆಯಲು ಫೋಟೋಗ್ರಾಫರು ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದಂತೆ ನಾನು ಮೇಜನ್ನೇ ಹತ್ತಿ ನಿಂತೆ. ಉದ್ದನೆಯವರು ಹಿಂದೆ, ಗಿಡ್ಡರು ಮಂಡಿಯೂರಿ, ಗೆದ್ದ ಕಪ್ಪು ಅಧ್ಯಕ್ಷರ ಕೈಗೆ ಎಂದು ಅಪ್ಪಣೆ ಕೊಟ್ಟೆ. ಅಧ್ಯಕ್ಷರು ನೀಲಿ ಜೆರ್ಸಿಯವನನ್ನು ಎಳೆದು ನಡುವೆ ನಿಲ್ಲಿಸಿಕೊಂಡರು. ಅವನು ಒಲ್ಲೆನೆಂದು ಕೊಸರಿದ. "ನಿಂತ್ಕೊಳಯ್ಯಾ ಡಾಕ್ಟರೇ, ನಾಚ್ಕೆ ಏನು!" ಎಂದು ಮೈಕಿನಲ್ಲಿ ಗದರಿದೆ. ಈ ಸಲ ಜನ ಕೊನೆಗೂ ನನ್ನ ಮಾತಿಗೆ ನಕ್ಕರು. ಎದೆ ತಂಪಾಯಿತು.

"ಆಡಿದೋರು ಇನ್ಯಾರಾದ್ರೂ ಉಳ್ಕೊಂಡಿದ್ದಾರಾ ಕೇಳ್ಬುಡ್ರಿ," ಎಂದರು ಫೋಟೋಗ್ರಾಫರು.

ಕೇಳಿದೆ. ಒಮ್ಮೆ ರೆಫರಿಯ ಧ್ವನಿಯಲ್ಲಿ, ಇನ್ನೊಮ್ಮೆ ಸ್ಟೇಷನ್ನಿನ ಧ್ವನಿಯಲ್ಲಿ. ಯಾರೂ ಬರಲಿಲ್ಲ.

"ಯಾರೂ ಇಲ್ಲ ಸ್ವಾಮಿ, ಹೊಡೀರಿ," ಎಂದೆ.

ಹೊಡೆದರು. ಮೈಗೆ ಬೆವರಿನಲ್ಲಿ ಅಂಟಿಕೊಂಡಿದ್ದ ಜೆರ್ಸಿಯ ಹನ್ನೆರಡನೇ ನಂಬರು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಎಲ್ಲರೂ ಚದುರಿ ಟೀ ಅಂಗಡಿಯ ಕಡೆ ಹೊರಟಿದ್ದರು.