ಅಜ್ಜನ ಒಪ್ಪಿಗೆ ಸಹಿ ಬೇಕಂತೆ

ಗೆಳೆಯರೇ, ಇವತ್ತು ಎಂಬತ್ತೆರಡರ ಅಪ್ಪನನ್ನು ಕರೆದುಕೊಂಡು ಸವದತ್ತಿಯ ಸಂಶೋಧನಾ ಗ್ರಂಥಾಲಯಕ್ಕೆ ಹೋಗಿದ್ದೆ. ಎರಡನೇ ಮಹಾಯುದ್ಧಕ್ಕೆ ಹೋದ ನನ್ನಜ್ಜ ತಿರುಗಿ ಬರಲಿಲ್ಲ. ಅಪ್ಪ ತಮ್ಮ ತಂದೆಯ ಮುಖವನ್ನೇ ಕಂಡಿಲ್ಲ. ಅಜ್ಜನ ಪಲ್ಟನ್ನಿನ ಯುದ್ಧದ ದಿನಚರಿ ಅಲ್ಲಿದೆ ಎಂದು ಗೊತ್ತಾಗಿತ್ತು.

ಗ್ರಂಥಪಾಲಕರು ಅರ್ಜಿ ಓದಿ, “ಸೈನಿಕರ ಒಪ್ಪಿಗಿ ಸಹಿ ಬೇಕ್ರಿ” ಎಂದರು.

“ಅವರು ಯುದ್ಧದಾಗನ ತೀರಿಕೊಂಡಾರ್ರಿ” ಎಂದೆ.

“ಹಂಗಾರ ಎಲ್ಲಿ ತೀರಿಕೊಂಡ್ರಂತ ದಾಖಲೆ ತರ್ರಿ.”

“ಅದನ್ನ ನೋಡಾಕನ ಬಂದೇವ್ರಿ!”

ಅಪ್ಪ ಮೆಲ್ಲಗೆ ಕೇಳಿದರು: “ನಮ್ಮಪ್ಪನ ಹೆಸರಾದ್ರೂ ಐತೇನ್ರಿ ಅದರಾಗ?”

ಗ್ರಂಥಪಾಲಕರು ದಿನಚರಿಯ ಪುಟ ತಿರುವಿ ನೋಡಿ, “ಐತ್ರಿ. ಆದ್ರ ತೋರ್ಸಾಕ ಬರೂದಿಲ್ಲ. ದೇಶದ ಭದ್ರತಾ ವಿಷಯ” ಎಂದು ಪುಸ್ತಕ ಮುಚ್ಚಿದರು.

ಎಲ್ಲರೂ ನಿಶ್ಚಿಂತೆಯಿಂದಿರಿ. ಮುದುಕನೊಬ್ಬ ತನ್ನ ಅಪ್ಪ ಸತ್ತ ಊರಿನ ಹೆಸರು ತಿಳಿದುಕೊಳ್ಳುವ ಅಪಾಯದಿಂದ ದೇಶ ಸದ್ಯಕ್ಕೆ ಪಾರಾಗಿದೆ.